ಕೌಟುಂಬಿಕ ನ್ಯಾಯಾಲಯಗಳು

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬುದು ನಮ್ಮ ಹಳೆಯ ಗಾದೆ. ಸಂಸಾರದ ಬಹುಪಾಲು ಕಲಹಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಉಂಡು ಮಲಗಿದರೂ ತೀರದ ಜಗಳಗಳುಂಟು. ಉಣ್ಣುವುದಕ್ಕೇ ಗತಿಯಿಲ್ಲದಂತೆ ಹೆಂಡತಿ ಮಕ್ಕಳನ್ನು ಕೈಬಿಟ್ಟು ಹೋದ ಸಂದರ್ಭಗಳೂ ಉಂಟು. ಅಂಥ ವ್ಯಾಜ್ಯಗಳು ಹಿಂದೆ ಮನೆಯ ಹಿರಿಯರ ಮುಂದೆಯೋ ಊರ ಪಂಚರ ಮುಂದೆಯೋ ಬರುತ್ತಿದ್ದವು. ಅಲ್ಲಿ ರಾಜಿಯಾಗುತ್ತಿದ್ದುದೇನೋ ದಿಟ; ಆದರೆ ಆ ರಾಜಿಯಲ್ಲಿ ತಗ್ಗಿ ನಡೆಯಬೇಕಾದವಳು ಸಾಮಾನ್ಯವಾಗಿ ಹೆಣ್ಣೇ ಆಗಿರುತ್ತಿದ್ದಳು. ಪಂಚಾಯಿತಿಯ ಸಮಾಧಾನ ಗುಣವನ್ನೂ ಕಾನೂನಿನ ರಕ್ಷಣೆಯನ್ನೂ ಒಂದೇ ಸೂರಿನಡಿ ತರಲು ಸಾಧ್ಯವೇ? ಈ ಪ್ರಶ್ನೆಗೆ ನಮ್ಮ ದೇಶ ಕಂಡುಕೊಂಡ ಉತ್ತರವೇ ಕೌಟುಂಬಿಕ ನ್ಯಾಯಾಲಯ. ಅದರ ರಚನೆಯನ್ನೂ ಕಾರ್ಯವಿಧಾನವನ್ನೂ ಸ್ಥೂಲವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಮಾನ್ಯ ನ್ಯಾಯಾಲಯ ಇಂಥ ವ್ಯಾಜ್ಯಗಳಿಗೆ ಏಕೆ ಸಾಲದು? ಜಮೀನಿನ ದಾವೆಯಲ್ಲಿ ವಾದಿ, ಪ್ರತಿವಾದಿ ಎಂಬ ಎರಡು ಪಕ್ಷಗಳಿರುತ್ತವೆ. ಒಬ್ಬನು ಗೆಲ್ಲುತ್ತಾನೆ, ಇನ್ನೊಬ್ಬನು ಸೋಲುತ್ತಾನೆ. ಮುಂದೆ ಅವರು ಪರಸ್ಪರ ಮುಖ ನೋಡಬೇಕಾದ ಅಗತ್ಯವಿಲ್ಲ. ಸಂಸಾರದ ವ್ಯಾಜ್ಯ ಹಾಗಲ್ಲ. ವಿಚ್ಛೇದನದ ಮೇಲೆ ಗಂಡ ಹೆಂಡಿರ ಸಂಬಂಧ ಕಡಿಯಬಹುದು. ತಂದೆತಾಯಿಗಳ ಸಂಬಂಧ ಕಡಿಯುವುದಿಲ್ಲ. ಇದರ ಜೊತೆಗೆ, ಒಂದೇ ಮನೆಯ ಕಷ್ಟ ಹಿಂದೆ ಹಲವು ಬಾಗಿಲುಗಳನ್ನು ತಟ್ಟಬೇಕಾಗಿತ್ತು. ವಿಚ್ಛೇದನಕ್ಕೆ ಸಿವಿಲ್ ನ್ಯಾಯಾಲಯ, ಜೀವನಾಂಶಕ್ಕೆ ಮ್ಯಾಜಿಸ್ಟ್ರೇಟರು, ಮಕ್ಕಳ ಪೋಷಕತ್ವಕ್ಕೆ 1890 ರ ಕಾಯಿದೆಯ ಮೇರೆಗೆ ಜಿಲ್ಲಾ ನ್ಯಾಯಾಲಯ.

ಈ ತೊಡಕನ್ನು ಮನಗಂಡು ಕಾನೂನು ಆಯೋಗವು 1974 ರ ತನ್ನ 59 ನೆಯ ವರದಿಯಲ್ಲಿ, ಕುಟುಂಬದ ವ್ಯಾಜ್ಯಗಳನ್ನು ಬೇರೆ ದೃಷ್ಟಿಯಿಂದಲೇ ನೋಡಬೇಕೆಂದು ಹೇಳಿತು. ಭಾರತದ ಮಹಿಳೆಯರ ಸ್ಥಾನಮಾನವನ್ನು ಪರಿಶೀಲಿಸಿದ ಸಮಿತಿಯೂ ಅದೇ ವರ್ಷ ಪ್ರತ್ಯೇಕ ನ್ಯಾಯಾಲಯಗಳನ್ನು ಶಿಫಾರಸು ಮಾಡಿತು. 1976 ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಇದಕ್ಕಾಗಿ ಹೊಸ ಆದೇಶವೊಂದು ಸೇರಿದರೂ ನ್ಯಾಯಾಲಯಗಳು ಅದನ್ನು ಹೆಚ್ಚಾಗಿ ಬಳಸಲಿಲ್ಲ. ಕಡೆಗೆ 1984 ರಲ್ಲಿ ಸಂಸತ್ತು ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯನ್ನು ಅಂಗೀಕರಿಸಿತು. ಜಪಾನಿನಲ್ಲಿ ಇಂಥ ನ್ಯಾಯಾಲಯಗಳು 1949 ರಿಂದಲೇ ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬಹುದು.

ಕಾಯಿದೆ ಮಾಡಿದ್ದು ಸಂಸತ್ತು. ಆದರೆ ನ್ಯಾಯಾಲಯ ಸ್ಥಾಪಿಸುವುದು ರಾಜ್ಯ ಸರ್ಕಾರ, ಅದೂ ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ. ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಇದು ಕಡ್ಡಾಯ, ಉಳಿದೆಡೆ ಅವಶ್ಯವೆನಿಸಿದಂತೆ. ಕಾಯಿದೆ ಯಾವ ರಾಜ್ಯದಲ್ಲಿ ಎಂದಿನಿಂದ ಜಾರಿಗೆ ಬರಬೇಕೆಂದು ಪ್ರಕಟಿಸಬೇಕಾದದ್ದು ಮಾತ್ರ ಕೇಂದ್ರ ಸರ್ಕಾರ. ಇದು ಬರಿಯ ಔಪಚಾರಿಕ ವಿಷಯವೆಂದು ತಿಳಿಯಬಾರದು. ನಾಗಾಲ್ಯಾಂಡಿನಲ್ಲಿ 2008 ರಲ್ಲಿಯೂ ಹಿಮಾಚಲ ಪ್ರದೇಶದಲ್ಲಿ 2019 ರಲ್ಲಿಯೂ ರಾಜ್ಯ ಸರ್ಕಾರಗಳು ನ್ಯಾಯಾಲಯಗಳನ್ನು ತೆರೆದವು. ಕೇಂದ್ರದ ಪ್ರಕಟಣೆ ಆಗಿರಲಿಲ್ಲ. ಆ ನ್ಯಾಯಾಲಯಗಳಿಗೆ ಅಧಿಕಾರವೇ ಇಲ್ಲವೆಂಬ ಆಕ್ಷೇಪಣೆ ಎದ್ದಾಗ ಅವು ಕೊಟ್ಟ ತೀರ್ಪುಗಳ ಗತಿಯೇನೆಂಬ ಪ್ರಶ್ನೆ ಹುಟ್ಟಿತು. 2022 ರಲ್ಲಿ ಸಂಸತ್ತು ತಿದ್ದುಪಡಿಯೊಂದನ್ನು ತಂದು, ಹಿಂದಿನ ದಿನಾಂಕದಿಂದಲೇ ಅವೆಲ್ಲವನ್ನೂ ಊರ್ಜಿತಗೊಳಿಸಬೇಕಾಯಿತು. ಒಂದು ಸಹಿಯ ಕೊರತೆ ಎಷ್ಟು ಮನೆಗಳ ತೀರ್ಮಾನವನ್ನು ಅಲುಗಾಡಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಈ ನ್ಯಾಯಾಲಯದ ವ್ಯಾಪ್ತಿ ವಿಶಾಲವಾದುದು. ವಿವಾಹದ ಸಿಂಧುತ್ವ, ವಿಚ್ಛೇದನ, ನ್ಯಾಯಿಕ ಪ್ರತ್ಯೇಕತೆ, ದಂಪತಿಗಳ ಆಸ್ತಿ, ಮಕ್ಕಳ ಔರಸತ್ವ, ಪೋಷಕತ್ವ, ಜೀವನಾಂಶ ಇವೆಲ್ಲ ಅದರೊಳಗೆ ಬರುತ್ತವೆ. ಇಲ್ಲಿ ಒಂದು ಅಂಶವನ್ನು ಮರೆಯಬಾರದು: ಕೌಟುಂಬಿಕ ನ್ಯಾಯಾಲಯಕ್ಕೆ ತನ್ನದೇ ಆದ ವಿವಾಹ ಕಾನೂನು ಇಲ್ಲ. ಹಿಂದೂ ದಂಪತಿಗಳು ಬಂದರೆ 1955 ರ ಹಿಂದೂ ವಿವಾಹ ಕಾಯಿದೆ, ಕ್ರೈಸ್ತರು ಬಂದರೆ 1869 ರ ವಿಚ್ಛೇದನ ಕಾಯಿದೆ, ರಿಜಿಸ್ಟರು ಮದುವೆಯಾದವರು ಬಂದರೆ 1954 ರ ವಿಶೇಷ ವಿವಾಹ ಕಾಯಿದೆ ಅನ್ವಯಿಸುತ್ತದೆ. ನ್ಯಾಯಪೀಠ ಒಂದೇ, ಶಾಸನಗಳು ಹಲವು. ಆದರೆ ಜೀವನಾಂಶದ ವಿಷಯದಲ್ಲಿ ಎಲ್ಲ ಮತದವರಿಗೂ ಸಲ್ಲುವ ಒಂದು ದಾರಿಯುಂಟು: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125 ನೆಯ ಕಲಂ, 2024 ರ ಜುಲೈ 1 ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ನೆಯ ಕಲಂ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ದಾರಿ ತೆರೆದಿದೆಯೆಂದು ಸರ್ವೋಚ್ಚ ನ್ಯಾಯಾಲಯ 2024 ರಲ್ಲಿ ಸ್ಪಷ್ಟಪಡಿಸಿತು.

ಇನ್ನು ಕಾರ್ಯವಿಧಾನ. ಅರ್ಜಿ ಬಂದೊಡನೆ ವಿಚಾರಣೆಗೆ ತೊಡಗದೆ, ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದು 9 ನೆಯ ಕಲಂ ವಿಧಿಸುತ್ತದೆ. ಅದಕ್ಕೆ ನೆರವಾಗಲು ಸಮಾಲೋಚಕರಿರುತ್ತಾರೆ; ಸಮಾಜ ಕಲ್ಯಾಣ ಸಂಸ್ಥೆಗಳ ಮತ್ತು ವೈದ್ಯರ ಸಹಾಯವನ್ನೂ ಪಡೆಯಬಹುದು. ನ್ಯಾಯಾಧೀಶರ ನೇಮಕದಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಪಕ್ಷಗಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಮನೆಯ ಮಾತು ಬೀದಿಯ ಮಾತಾಗಬಾರದೆಂಬುದು ಇದರ ಆಶಯ. ವಿವಾದವನ್ನು ಬಗೆಹರಿಸಲು ಉಪಯುಕ್ತವೆನಿಸಿದ ಯಾವ ಕಾಗದವನ್ನಾದರೂ, ಸಾಕ್ಷ್ಯ ಕಾನೂನಿನ ಕಟ್ಟುಪಾಡಿಗೆ ಒಳಪಡದೆ, ನ್ಯಾಯಾಲಯ ನೋಡಬಹುದು. ಸಾಕ್ಷಿಯ ಹೇಳಿಕೆಯನ್ನು ಉದ್ದಕ್ಕೂ ಬರೆದುಕೊಳ್ಳಬೇಕಿಲ್ಲ, ಸಾರಾಂಶ ಸಾಕು. ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ. ಅಲ್ಲಿ ಇಬ್ಬರಿಗೆ ಕಡಿಮೆಯಿಲ್ಲದ ನ್ಯಾಯಮೂರ್ತಿಗಳು ಅದನ್ನು ಕೇಳುತ್ತಾರೆ. ಉಭಯರೂ ಒಪ್ಪಿ ಪಡೆದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ.

ಹೆಚ್ಚು ಚರ್ಚೆಗೆ ಗುರಿಯಾದದ್ದು 13 ನೆಯ ಕಲಂ. ಅದರಂತೆ ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಹಕ್ಕಲ್ಲ. ನ್ಯಾಯಾಲಯವೇ ತನ್ನ ನೆರವಿಗೆ ಕಾನೂನು ತಜ್ಞರನ್ನು ಕರೆಸಿಕೊಳ್ಳಬಹುದು. ವಾದದ ಚಾತುರ್ಯಕ್ಕಿಂತ ಮನಸ್ಸಿನ ಮಾತಿಗೆ ಬೆಲೆ ಬರಲಿ, ಖರ್ಚು ತಗ್ಗಲಿ ಎಂಬುದು ಶಾಸನಕರ್ತರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಓದು ಬಾರದ ಹೆಣ್ಣುಮಗಳೊಬ್ಬಳು, ವ್ಯವಹಾರ ಬಲ್ಲ ಗಂಡನ ಎದುರು ನಿಂತು, ಅವನ ಸಂಪಾದನೆ ಎಷ್ಟೆಂದು ತಾನೇ ಹೇಗೆ ರುಜುಪಡಿಸಬಲ್ಲಳು? ನ್ಯಾಯಾಲಯಗಳು ಅನುಮತಿ ಕೊಟ್ಟು ವಕೀಲರನ್ನು ಒಳಗೆ ಬಿಡುತ್ತಿರುವುದು ಈ ಕಾರಣದಿಂದಲೇ ಅರ್ಥವಾಗುತ್ತದೆ. ಇಬ್ಬರನ್ನೂ ಸಮಾನವಾಗಿ ಕಾಣುವುದಷ್ಟೇ ನ್ಯಾಯವಲ್ಲ. ಅಸಮಾನರಾಗಿ ಬಂದವರನ್ನು ಸಮಾನರಾಗಿ ನಿಲ್ಲಿಸುವುದು ನ್ಯಾಯ.

ಇದೇ ತೊಡಕು ರಾಜಿಯ ವಿಷಯದಲ್ಲಿಯೂ ಉಂಟು. ವಿವಾಹ ಸಂಸ್ಥೆಯನ್ನು ಉಳಿಸುವುದು ಈ ಕಾಯಿದೆಯ ಒಂದು ಗುರಿ. ಆದರೆ ಹೊಡೆತ ತಿಂದು ಬಂದವಳನ್ನು "ಹೊಂದಿಕೊಂಡು ಹೋಗಮ್ಮ" ಎಂದು ಹಿಂದಕ್ಕೆ ಕಳಿಸಿದರೆ, ಹಳೆಯ ಪಂಚಾಯಿತಿಗೂ ಹೊಸ ನ್ಯಾಯಾಲಯಕ್ಕೂ ವ್ಯತ್ಯಾಸವೇನು? ಮೇಲಾಗಿ, ಕ್ರೌರ್ಯದ ಕ್ರಿಮಿನಲ್ ಮೊಕದ್ದಮೆ ಇಂದಿಗೂ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯುತ್ತದೆ. ಬಾಗಿಲುಗಳು ಕಡಿಮೆಯಾಗಿವೆ, ಒಂದೇ ಆಗಿಲ್ಲ. ಕೌಟುಂಬಿಕ ಹಿಂಸೆಯ ವಿರುದ್ಧದ 2005 ರ ಕಾಯಿದೆ ಕೊಡುವ ಪರಿಹಾರಗಳನ್ನು ಕೌಟುಂಬಿಕ ನ್ಯಾಯಾಲಯದಲ್ಲಿಯೂ ಕೇಳಬಹುದೆಂಬುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ದೊಡ್ಡ ಕೊರತೆ ವಿಳಂಬ. 2014 ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ, ಜೀವನಾಂಶದ ಅರ್ಜಿ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಒಂಬತ್ತು ವರ್ಷ ಕೊಳೆತಿತ್ತು. ಹಸಿವು ವಾಯಿದೆ ಕೇಳುವುದಿಲ್ಲವಷ್ಟೆ! 2020 ರಲ್ಲಿ ಅದೇ ನ್ಯಾಯಾಲಯ, ಉಭಯ ಪಕ್ಷದವರೂ ತಮ್ಮ ಆಸ್ತಿ ಮತ್ತು ಋಣಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ವಿಧಿಸಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟೀಸು ತಲುಪಿದ 60 ದಿನಗಳಲ್ಲಿ ಸಾಧ್ಯವಾದ ಮಟ್ಟಿಗೂ ಮುಗಿಸಬೇಕೆಂದು ಶಾಸನವೇ ಹೇಳುತ್ತದೆ. ನಿಯಮಗಳಿಗೆ ಕೊರತೆಯಿಲ್ಲ, ಅವು ನಡೆಯಬೇಕಾಗಿದೆ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂದು ಇನ್ನೊಂದು ಗಾದೆಯುಂಟು. ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಬಂದಾಗ ನ್ಯಾಯಾಲಯ ತಂದೆಯ ಹಕ್ಕನ್ನಾಗಲಿ ತಾಯಿಯ ಹಕ್ಕನ್ನಾಗಲಿ ಮುಂದಿಡುವುದಿಲ್ಲ. ಮಗುವಿನ ಕ್ಷೇಮವನ್ನೇ ಪರಮವೆಂದು ಭಾವಿಸುತ್ತದೆ. ಈ ವ್ಯವಸ್ಥೆಯ ತಿರುಳು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಎಷ್ಟು ದಂಪತಿಗಳು ಮತ್ತೆ ಒಂದಾದರೆಂಬ ಲೆಕ್ಕದಿಂದ ಕೌಟುಂಬಿಕ ನ್ಯಾಯಾಲಯವನ್ನು ಅಳೆಯುವುದು ಸರಿಯಲ್ಲ. ಕೂಡಿ ಬಾಳಬಲ್ಲವರನ್ನು ಕೂಡಿಸಿ, ಬಾಳಲಾರದವರನ್ನು ದ್ವೇಷವಿಲ್ಲದೆ ಬೇರ್ಪಡಿಸಿ, ಎರಡು ಸಂದರ್ಭದಲ್ಲಿಯೂ ಬಲಹೀನರ ಅನ್ನಕ್ಕೂ ಮಾನಕ್ಕೂ ಚ್ಯುತಿ ಬಾರದಂತೆ ನೋಡಿಕೊಂಡರೆ ಅದು ತನ್ನ ಹೆಸರಿಗೆ ತಕ್ಕಂತೆ ನಡೆದಂತೆ. ನಾಳೆ ವಕೀಲರೋ ಸಮಾಲೋಚಕರೋ ಅಧಿಕಾರಿಗಳೋ ಆಗಲಿರುವ ನಮ್ಮ ಸಹಪಾಠಿಗಳು ಈ ಮಾತನ್ನು ಮನದಲ್ಲಿಟ್ಟುಕೊಳ್ಳುವುದು ಉಚಿತ.