ಪಾಸಿನ ಬಸ್ಸು ಇಳಿದ ಮೇಲೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಕೊನೆಯ ಸೆಮಿಸ್ಟರ್ ಬರೆಯುತ್ತಿರುವ ಮಕ್ಕಳೇ, ಒಂದು ಮಾತು. ಕಾಲೇಜಿಗೆ ಎರಡು ದಿನ ಬರದಿದ್ದರೆ ಮೇಷ್ಟ್ರು ಕೇಳುತ್ತಿದ್ದರು: ‘ಹೊಗೆಸೊಪ್ಪು ಬೇಯಿಸೋಕೆ ನಿಂತ್ಕೊಂಡ್ಯೇನೋ?’ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಡಬ್ಬಿ ತೆರೆದರೆ ನಾಲ್ಕು ಕೈ ಬೀಳುತ್ತಿದ್ದವು.

ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಹಾಗಿರುವುದಿಲ್ಲ. ಪೀಣ್ಯದ ಪಿ.ಜಿ.ಯಲ್ಲಿ ನೀವು ಜ್ವರದಲ್ಲಿ ಮಲಗಿದ್ದರೂ ಪಕ್ಕದ ಮಂಚದವನು ಇಯರ್‌ಫೋನ್ ಸಿಕ್ಕಿಸಿಕೊಂಡು ಶಿಫ್ಟಿಗೆ ಹೊರಡುತ್ತಾನೆ. ಕೆಟ್ಟವನಲ್ಲ, ಅವನೂ ಯಾವುದೋ ಊರು ಬಿಟ್ಟು ಬಂದವನೇ. ಮೊದಲ ವಾರವೇ ನೀವಾಗಿ ಹೆಸರು ಹೇಳಿ, ಊರು ಕೇಳಿ. ಊರಿಂದ ತಂದ ಚಕ್ಕುಲಿ ಅವನ ಮುಂದಿಡಿ. ಯಾರೂ ಮಾತಾಡಿಸಲಿಲ್ಲವೆಂದು ನೊಂದು ಕೆಲಸ ಬಿಡಬೇಡಿ. ಊರಲ್ಲೇ ಮಾಡಬೇಕಾದ್ದಿದೆ ಅನ್ನಿಸಿದರೆ ಮಾತ್ರ ಧೈರ್ಯವಾಗಿ ಬನ್ನಿ. ಕಲ್ಲಹಳ್ಳಿಯ ದೇವರಾಜ ಅರಸರು ಬೆಂಗಳೂರಿನಲ್ಲಿ ಓದಿ, ಊರಿಗೆ ಮರಳಿ ಬೇಸಾಯ ಹಿಡಿದವರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು, 1972ರಲ್ಲಿ ಮುಖ್ಯಮಂತ್ರಿಯಾದರು.

ಎಚ್.ಡಿ. ಕೋಟೆಯ ಬುಡಕಟ್ಟು ಹಾಡಿಗಳಿಂದ ಹೊರಡುವವರಿಗೆ ಊರಿಗೂ ನಗರಕ್ಕೂ ನಡುವಿನ ಈ ದೂರ ಇನ್ನೂ ಹೆಚ್ಚು. ಅವರನ್ನು ಒಂಟಿಯಾಗಿ ಕಳಿಸಬೇಡಿ. ನಾಲ್ಕು ಜನ ಸೇರಿ ಒಂದೇ ಏರಿಯಾದಲ್ಲಿ ರೂಮು ಹಿಡಿಯಿರಿ, ಅಡ್ವಾನ್ಸ್ ಹಂಚಿಕೊಳ್ಳಿ, ಭಾನುವಾರದ ಅಡುಗೆ ಒಟ್ಟಿಗೇ ಆಗಲಿ.