ಮೊಲದ ಮರಿಯ ಒಡನಾಟ

ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಹೊಲಗಳಲ್ಲಿ ಕಂಡ ಕಾಡುಮೊಲದ ಮರಿಯನ್ನು ಮಕ್ಕಳು ಮನೆಗೆ ತರುವುದುಂಟು. ಅದು ಅನಾಥವಲ್ಲ, ಕತ್ತಲಾದ ಮೇಲೆ ತಾಯಿ ಬಂದು ಹಾಲೂಡಿಸುತ್ತದೆ. 1972ರ ವನ್ಯಜೀವಿ ಕಾಯಿದೆಯಂತೆ ಅದನ್ನು ಸಾಕುವಂತಿಲ್ಲ. ಇದ್ದಲ್ಲೇ ಬಿಡೋಣ.

ಸಾಕಲು ಸೋವಿಯತ್ ಚಿಂಚಿಲ್ಲಾದಂಥ ಸಾಕುಮೊಲದ, ಆರು ವಾರ ತುಂಬಿದ ಮರಿಯನ್ನು ತರೋಣ. ಮೊದಲ ಎರಡು ಮೂರು ದಿನ ಮುಟ್ಟದೆ, ಹತ್ತಿರ ಕುಳಿತು ಅಂಗೈಯಲ್ಲಿ ಹಸಿ ಹುಲ್ಲು ಹಿಡಿದರೆ ತಾನಾಗಿ ಬರುತ್ತದೆ. ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಲಿ. ಆಸರೆಯಿಲ್ಲದೆ ಒದೆದಾಡಿದರೆ ಬೆನ್ನುಮೂಳೆ ಮುರಿದೀತು.

ಕೂದಲುದುರಿದ ಹುಣ್ಣು ಕಂಡರೆ ಪಶುವೈದ್ಯರಿಗೆ ತೋರಿಸೋಣ. ಗಜಕರ್ಣ ಮಕ್ಕಳಿಗೂ ಹತ್ತುತ್ತದೆ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯೋಣ. ಬೇಸಿಗೆಯಲ್ಲಿ ಗೂಡು ನೆರಳಲ್ಲಿರಲಿ, ಮೇಲೆ ಒದ್ದೆ ಗೋಣಿತಟ್ಟು ಹೊದಿಸೋಣ.