ಮುಸುಕಿನ ಕಾರು ಮತ್ತು ಅದರೊಳಗಿನ ಯಂತ್ರ

ಹೊಸ ಬಗೆಯ ಕಾರನ್ನು ಮಾರಾಟಕ್ಕೆ ಬಿಡುವ ಮೊದಲು ತಯಾರಕರು ಅದರ ಕೆಲವು ಮೂಲಮಾದರಿಗಳನ್ನು ಕಟ್ಟಿ, ಬಿಸಿಲು, ಧೂಳು, ಏರುತಗ್ಗುಗಳಿಂದ ಕೂಡಿದ ರಸ್ತೆಗಳಲ್ಲಿ ಸಾವಿರಾರು ಕಿಲೋಮೀಟರು ಓಡಿಸಿ ಪರೀಕ್ಷಿಸುತ್ತಾರೆ. ಆಕಾರದ ಗುಟ್ಟು ಬಯಲಾಗದಿರಲೆಂದು ಅದರ ಮೈಗೆಲ್ಲ ಕಪ್ಪು ಬಿಳುಪಿನ ಸುರುಳಿ ಚಿತ್ತಾರದ ಹಾಳೆಯನ್ನು ಅಂಟಿಸಿರುತ್ತಾರೆ. ಇಂಥದೊಂದು ಕಾರು ಮುದಗಲ್ಲಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಹಾದುಹೋಯಿತೆಂದು ಭಾವಿಸೋಣ. ರಸ್ತೆಯ ಬದಿಯಲ್ಲಿ ನಿಂತ ವಿದ್ಯಾರ್ಥಿಯು ಅದರೊಳಗಿನ ಯಂತ್ರ ಎಂಥದೆಂದು ಹೇಳಬಲ್ಲನೆ? ಹೇಳಬಲ್ಲನಾದರೆ ಎಷ್ಟರ ಮಟ್ಟಿಗೆ?

ಈ ಚಿತ್ತಾರದ ಉದ್ದೇಶ ವಸ್ತುವನ್ನು ಕಾಣದಂತೆ ಮಾಡುವುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ನಾರ್ಮನ್ ವಿಲ್ಕಿನ್ಸನ್ ಎಂಬ ಬ್ರಿಟಿಷ್ ಕಲಾವಿದನು ಹಡಗುಗಳಿಗೆ ಇಂಥ ಪಟ್ಟೆಗಳನ್ನು ಬಳಿಯುವ ಉಪಾಯವನ್ನು ಸೂಚಿಸಿದನು. ಶತ್ರುವಿಗೆ ಹಡಗು ಕಂಡರೂ ಅದು ಹೋಗುತ್ತಿರುವ ದಿಕ್ಕು ತಿಳಿಯಬಾರದೆಂಬುದೇ ಅವನ ಯುಕ್ತಿ. ಕಾರಿನ ಮೈಯ ಉಬ್ಬುತಗ್ಗುಗಳನ್ನು ನಮ್ಮ ಕಣ್ಣು ಗುರುತಿಸುವುದು ನೆರಳು ಬೆಳಕುಗಳ ಏರಿಳಿತದಿಂದ. ಚಿತ್ತಾರವು ಆ ಏರಿಳಿತವನ್ನು ಕಲಸಿಬಿಡುತ್ತದೆ. ಆದರೆ ಅದು ವಂಚಿಸುವುದು ಕಣ್ಣನ್ನು ಮಾತ್ರ. ಯಂತ್ರ ಹೊರಸೂಸುವ ಶಾಖವನ್ನಾಗಲಿ ಶಬ್ದವನ್ನಾಗಲಿ ಅದು ಮರೆಮಾಡಲಾರದು.

ಮೊದಲು ಶಾಖದ ಮಾತು. ಪೆಟ್ರೋಲ್ ಎಂಜಿನು ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದುದರಲ್ಲಿ ಬಹುಪಾಲು ಸೈಲೆನ್ಸರು ಮತ್ತು ರೇಡಿಯೇಟರುಗಳ ಮೂಲಕ ಶಾಖವಾಗಿ ಹೊರಬೀಳಬೇಕು. ವಿದ್ಯುತ್ ಮೋಟಾರಿನ ದಕ್ಷತೆಯಾದರೋ ಶೇಕಡ 90ರ ಆಚೀಚೆ ಇರುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ವಿದ್ಯುತ್ ಕಾರಿಗೆ ಸೈಲೆನ್ಸರಿನ ಅಗತ್ಯವೇ ಇರಲಿಲ್ಲ. ಆದುದರಿಂದ ಗಾಳಿಯಾಡುವ ವಿಶಾಲವಾದ ಕಿಂಡಿ ಮುಂದೆಯೂ, ಸೈಲೆನ್ಸರು ಹಿಂದೆಯೂ ಕಂಡರೆ ಒಳಗೆ ಇಂಧನ ಉರಿಯುತ್ತದೆಂದು ತಿಳಿಯಬಹುದು. ಕೆಲವೊಮ್ಮೆ ಹಿಂಬದಿಗೆ ಒಂದು ಪೆಟ್ಟಿಗೆಯನ್ನು ಬಿಗಿದು, ಸೈಲೆನ್ಸರಿನಿಂದ ಅದಕ್ಕೆ ಕೊಳವೆ ಜೋಡಿಸಿರುವುದುಂಟು. ಅದು ರಸ್ತೆಯ ಮೇಲೆಯೇ ಹೊಗೆಯನ್ನು ಅಳೆಯುವ ಉಪಕರಣ. ಇಂಥ ಅಳತೆಯು ಭಾರತದ ನಿಯಮಗಳಲ್ಲಿ 2023ರ ಏಪ್ರಿಲ್ 1ರಿಂದ ಸೇರಿದೆ.

ಇನ್ನು ಶಬ್ದ. ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಾಲ್ಕು ಸಿಲಿಂಡರುಗಳಿದ್ದರೆ ಸುತ್ತಿಗೆ ಎರಡು ಸಿಡಿತ. ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗಿದಾಗ ಸೆಕೆಂಡಿಗೆ 100 ಸಿಡಿತಗಳಾಗುತ್ತವೆ. ಕಾರಿನ ಗುಂಯ್‌ಗುಡುವಿಕೆಯಲ್ಲಿ ಈ ಆವೃತ್ತಿ ಎದ್ದು ತೋರುತ್ತದೆ. ಮೊಬೈಲಿನಲ್ಲಿ ಶಬ್ದವನ್ನು ಮುದ್ರಿಸಿಕೊಂಡು ತಂತ್ರಾಂಶದಿಂದ ಅದನ್ನು ಅಳೆಯಬಹುದು. ಕಾರು ಒಂದೇ ವೇಗದಲ್ಲಿ ಸಮೀಪಿಸುವಾಗ 106, ದೂರ ಸರಿಯುವಾಗ 94 ಎಂದು ಸಿಕ್ಕಿತೆನ್ನಿ. ಇದು ಡಾಪ್ಲರ್ ಪರಿಣಾಮ. ಎರಡರ ಅಂತರವಾದ 12ನ್ನು ಮೊತ್ತವಾದ 200ರಿಂದ ಭಾಗಿಸಿ, ಶಬ್ದದ ವೇಗವಾದ ಸೆಕೆಂಡಿಗೆ 340 ಮೀಟರಿನಿಂದ ಗುಣಿಸಿದರೆ 20.4 ಮೀಟರು ಬರುತ್ತದೆ. ಕಾರಿನ ವೇಗ ಗಂಟೆಗೆ ಸುಮಾರು 73 ಕಿಲೋಮೀಟರು. ಎಂಜಿನಿನ ನಿಜವಾದ ಆವೃತ್ತಿ ಸುಮಾರು 100.

ಹಾಗಾದರೆ ಅದು ನಾಲ್ಕು ಸಿಲಿಂಡರಿನ ಎಂಜಿನೆಂದು ತೀರ್ಮಾನಿಸಬಹುದೆ? ಕೂಡದು. ಮೂರು ಸಿಲಿಂಡರಿನ ಎಂಜಿನು ನಿಮಿಷಕ್ಕೆ 4000 ಸುತ್ತು ತಿರುಗಿದರೂ ಸಿಡಿತಗಳು ಸೆಕೆಂಡಿಗೆ 100 ಆಗುತ್ತವೆ. ಎರಡನೆಯ ಸಾಕ್ಷ್ಯ ಬೇಕು. ಚಹದಂಗಡಿಯ ಮುಂದೆ ಕಾರು ನಿಂತು, ಬಿಸಿಯಾದ ಎಂಜಿನು ನಿಮಿಷಕ್ಕೆ 800 ಸುತ್ತಿನಂತೆ ಸುಮ್ಮನೆ ತಿರುಗುತ್ತಿದ್ದರೆ ನಾಲ್ಕು ಸಿಲಿಂಡರಿನದು ಸೆಕೆಂಡಿಗೆ ಸುಮಾರು 27, ಮೂರು ಸಿಲಿಂಡರಿನದು 20 ಸಿಡಿತಗಳನ್ನು ಕೊಡುತ್ತದೆ. ನಿಂತಾಗಿನ ಸುತ್ತುಗಳು ಹೆಚ್ಚು ಏರಿಳಿಯುವುದಿಲ್ಲವಾದ್ದರಿಂದ ಈ ಅಳತೆ ಹೆಚ್ಚು ನಂಬಲರ್ಹ.

ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ ಎಂಬುದು ಅದರ ಬೆನ್ನಿಗೇ ಬರುವ ಎಚ್ಚರಿಕೆ. ಕಾದು ಕೆಂಪಾದ ಕಬ್ಬಿಣದ ಗುಂಡು ಅದಕ್ಕೆ ದೃಷ್ಟಾಂತ. ನಮ್ಮ ಕಾರಿಗೂ ಇದು ಸಲ್ಲುತ್ತದೆ. ಶಬ್ದವಿಲ್ಲದೆ ಸರಿದುಹೋದ ಕಾರೆಲ್ಲ ಬರಿಯ ವಿದ್ಯುತ್ ಕಾರಲ್ಲ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕಾರಿನ ಹೈಬ್ರಿಡ್ ಬಗೆಯಲ್ಲಿ ಎಂಜಿನೂ ಮೋಟಾರೂ ಜೊತೆಗಿವೆ. ನಿಧಾನವಾಗಿ ಸಾಗುವಾಗ ಎಂಜಿನು ಸುಮ್ಮನಿರಬಲ್ಲದು. ಅದೇ ಕಾರಿನ ಇನ್ನೊಂದು ಮೂಲಮಾದರಿಯನ್ನು 2023ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿದರು. ಎಥನಾಲ್ ಹೆಚ್ಚಾಗಿ ಬೆರೆತ ಇಂಧನಕ್ಕೆ ಹೊಂದಿಕೊಳ್ಳುವಂತೆ ಅದರ ಎಂಜಿನನ್ನು ಮಾರ್ಪಡಿಸಲಾಗಿತ್ತು. ಇಂಥ ಮಾರ್ಪಾಟನ್ನು ಸಿಡಿತಗಳ ಎಣಿಕೆ ಹೇಳಲಾರದು. ನಮ್ಮ ಅನುಮಾನದ ಎಲ್ಲೆ ಇಲ್ಲಿಗೆ ನಿಲ್ಲುತ್ತದೆ.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮುಸುಕಿನ ಕಾರಿಗಾಗಿ ಕಾಯದೆ ಇಂದೇ ಮಾಡಬಹುದು. ಸಿಲಿಂಡರುಗಳ ಸಂಖ್ಯೆ ಗೊತ್ತಿರುವ ಬಸ್ಸನ್ನೋ ಕಾರನ್ನೋ ಆರಿಸಿಕೊಂಡು, ರಸ್ತೆಯಿಂದ ದೂರ ನಿಂತು ಶಬ್ದವನ್ನು ಮುದ್ರಿಸಿರಿ. ಅದನ್ನು ಬೆನ್ನಟ್ಟುವ ಸಾಹಸ ಬೇಡ. ಪುಸ್ತಕದ ಒಂದು ಪುಟದಲ್ಲಿ ಕಂಡುದು, ಕೇಳಿದುದು, ಅಳೆದುದು ಇವನ್ನು ಮಾತ್ರ ಬರೆಯಿರಿ. ಎದುರಿನ ಪುಟದಲ್ಲಿ ಊಹಿಸಿದುದನ್ನು ಬರೆಯಿರಿ. ಗೊತ್ತಿರುವ ಯಂತ್ರದ ವಿಷಯದಲ್ಲಿ ನಿಮ್ಮ ಊಹೆ ಹತ್ತು ಸಲ ಸರಿಬಂದ ಮೇಲೆ, ಗೊತ್ತಿಲ್ಲದ ಯಂತ್ರದ ವಿಷಯವಾಗಿ ನಾಲ್ಕು ಜನರಿಗೆ ಹೇಳುವ ಅಧಿಕಾರ ನಿಮಗೆ ಬರುತ್ತದೆ.